ಮೂರು ಮಕ್ಕಳ ಚಿಕ್ಕಪ್ಪ

ರೇಷ್ಮೆ ಹುಳು ಕೊನೆಯ ವಾರಕ್ಕೆ ಬಂತೆಂದರೆ ಹಗಲು ರಾತ್ರಿ ನೋಡದೆ ಸೊಪ್ಪು ತಿನ್ನುತ್ತದೆ. ಅದು ತಿನ್ನುವಷ್ಟು ದಿನ ಸಾಕುವವನು ಮಲಗುವಂತಿಲ್ಲ. ಮೇಲೂರಿನ ನಲ್ಲಪ್ಪ ನೆಟ್ಟಗೆ ಮಲಗಿ ನಾಲ್ಕು ದಿನವಾಗಿತ್ತು. ನಡೆಯುತ್ತಿದ್ದ, ಮಾತಾಡುತ್ತಿದ್ದ, ಮುದ್ದೆ ನುಂಗುತ್ತಿದ್ದ. ಆದರೆ ಇದನ್ನೆಲ್ಲ ಬೇರೆ ಯಾರೋ ಮಾಡುತ್ತಿದ್ದಾರೆ, ತಾನು ಬಾವಿಯ ತಳದಿಂದ ನೋಡುತ್ತಿದ್ದೇನೆ ಎಂದೇ ಅವನಿಗೆ ಅನ್ನಿಸುತ್ತಿತ್ತು.

ಶಿಡ್ಲಘಟ್ಟದ ಶಾಲೆಯಲ್ಲಿ ಪೋಷಕರ ಸಭೆ ಇಟ್ಟುಕೊಂಡಿದ್ದು ಆ ಶನಿವಾರವೇ. ಮಗಳು ಯಾಮಿನಿ ಅಲ್ಲಿ ಒಂಬತ್ತನೇ ಕ್ಲಾಸು. ಹಿಂದಿನ ಎರಡು ಸಭೆಗೂ ನಲ್ಲಪ್ಪ ಹೊರಟಿದ್ದುಂಟು. ಒಂದು ಸಲ ಬಸ್ಸಿನಲ್ಲಿ ಕಣ್ಣು ಮುಚ್ಚಿದವನು ಶಿಡ್ಲಘಟ್ಟ ದಾಟಿ ಚಿಂತಾಮಣಿಯಲ್ಲಿ ಕಣ್ಣು ಬಿಟ್ಟ. ಇನ್ನೊಂದು ಸಲ ಬಸ್ ಹತ್ತಲೇ ಇಲ್ಲ, ಸ್ಟಾಪಿನ ಕಟ್ಟೆಯ ಮೇಲೇ ಸಂಜೆಯಾಯಿತು. ಈ ಸಲ ಹೆಡ್‌ಮಾಸ್ಟರ್ ಸುನೀಲ್‌ಕುಮಾರ್ ಚೀಟಿ ಕಳಿಸಿದ್ದರು: ತಂದೆ ಖುದ್ದಾಗಿ ಬಂದು ಸಹಿ ಹಾಕದಿದ್ದರೆ ಸೋಮವಾರದಿಂದ ಮಗಳು ಕ್ಲಾಸಿನ ಹೊರಗೆ. ಯಾಮಿನಿ ಚೀಟಿಯನ್ನು ಟಿವಿಯ ಮೇಲಿಟ್ಟು, ಬಾ ಅಂತಲೂ ಹೇಳದೆ ಶಾಲೆಗೆ ಹೋಗಿಬಿಟ್ಟಿದ್ದಳು.

"ಹುಳ ನಾನ್ ನೋಡ್ಕೊಂತೀನಿ," ಅಂದಳು ಹೆಂಡತಿ ವರಲಕ್ಷ್ಮಮ್ಮ. "ಇವತ್ತೂ ತಪ್ಪಿಸಿದ್ರೆ ಆ ಮಗು ಮುಖ ಹೆಂಗ್ ನೋಡ್ತೀರ? ಸೀಟ್ ಖಾಲಿ ಇದ್ರೂ ಕೂರ್ಬೇಡಿ. ನಿಂತ್ಕೊಂಡೇ ಹೋಗಿ."

ಮೇಲೂರಿನಲ್ಲಿ ಒಂದು ವಾಡಿಕೆಯಿದೆ. ಒಬ್ಬ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಟರೆ ಅಕ್ಕಪಕ್ಕದವರ ಚೀಲಗಳನ್ನೂ ಹಾಕಿಕೊಂಡು ಹೋಗುತ್ತಾನೆ. ಒಂದು ಕೆಲಸಕ್ಕೆ ನಾಲ್ಕು ಜನ ಯಾಕೆ?

"ಹೆಂಗೂ ಹೋಗ್ತಿದೀಯಲ್ಲಪ್ಪ," ಪಕ್ಕದ ಮನೆಯ ಅಮ್ಮಾಜಮ್ಮ ಬಾಗಿಲಿಂದಲೇ ಕೂಗಿದಳು. "ನನ್ ಮೊಮ್ಮಗ ಮೋಹನ್‌ಬಾಬುದೂ ಮುಗಿಸ್ಕೊಂಡ್ ಬಂದ್ಬಿಡು. ಚಿಕ್ಕಪ್ಪ ಅನ್ನು, ಸಾಕು."

ಹತ್ತು ಹೆಜ್ಜೆ ಮುಂದೆ ಸೊಪ್ಪಿನ ಹೊರೆಯೊಂದು ನಿಂತು ಮಾತಾಡಿತು. ಅದರ ಕೆಳಗೆ ಗಂಗುಲಪ್ಪನಿದ್ದ. "ನಮ್ ಅಂಬರೀಶಂದೂ ನೋಡ್ಬಿಡು ನಲ್ಲಪ್ಪ. ಬೈದ್ರೆ ಬೈಸ್ಕೊ, ನಿಂಗೇನ್ ಹೋಗ್ತದೆ?"

ನಲ್ಲಪ್ಪ ನಿಂತುಕೊಂಡೇ ಹೋಗಿ ಸರಿಯಾದ ಊರಲ್ಲೇ ಇಳಿದ. ಶಾಲೆಯ ಹಾಲಿನಲ್ಲಿ ಸಾಲು ಮೇಜು. ನೂರಾರು ಕೈಗಳು ಉತ್ತರಪತ್ರಿಕೆ ತಿರುವುವ ಸದ್ದು, ಹುಳು ಸೊಪ್ಪು ತಿನ್ನುವಾಗ ಬರುವ ಸಣ್ಣ ಮಳೆಯ ಸದ್ದಿನಂತೆಯೇ ಇತ್ತು. ಫ್ಯಾನು ತಿರುಗುತ್ತಿತ್ತು. ಮೇಜುಗಳು ಮೆಲ್ಲಗೆ ತೇಲತೊಡಗಿದವು.

"ಮೋಹನ್‌ಬಾಬುಗೆ ಗಣಿತದಲ್ಲಿ ನಾಲ್ಕು," ಅಂದರು ಎಂಟನೇ ಕ್ಲಾಸಿನ ಮೇಷ್ಟ್ರು. "ನೂರಕ್ಕೆ. ಯಾಕೆ ಹಿಂಗೆ?"

"ಸೊಪ್ಪು ಸಾಲ್ದು ಸಾರ್."

"ಏನ್ರೀ?"

"ಓದು. ಓದು ಸಾಲ್ದು ಅಂದೆ. ನಾನು ಅವನ ಚಿಕ್ಕಪ್ಪ."

ಪಕ್ಕದ ಮೇಜಿನ ಹತ್ತನೇ ಕ್ಲಾಸಿನ ಮೇಡಂಗೂ ಅದನ್ನೇ ಹೇಳಿದ, ಹುಡುಗನ ಹೆಸರು ಮಾತ್ರ ಬೇರೆ. "ಅಂಬರೀಶ್ ಚಿಕ್ಕಪ್ಪನಾ? ನೋಡಿ, ಅವನು ಕ್ಲಾಸಲ್ಲಿ ನಿದ್ದೆ ಮಾಡ್ತಾನೆ."

ನಲ್ಲಪ್ಪನ ಕಣ್ಣು ಅರಳಿತು. "ಎಷ್ಟೊತ್ತು ಮಾಡ್ತಾನೆ ಮೇಡಂ?"

"ಇದನ್ನ ಕೇಳೋಕೆ ಬಂದ್ರಾ ನೀವು?"

ಎರಡೂ ಬೈಗುಳ ಹೊತ್ತುಕೊಂಡು ಅವನು ಒಂಬತ್ತನೇ ಕ್ಲಾಸಿನ ಲುಬ್ನಾ ಮಿಸ್ ಮುಂದೆ ಕೂತ. ಇದೊಂದು ಸಹಿ ಹಾಕಿದರೆ ಮಗಳು ಸೋಮವಾರ ಒಳಗಿರುತ್ತಾಳೆ.

"ಯಾಮಿನಿ ಕಡೆಯವರು," ಅಂದ.

"ನೀವು ಅವಳಿಗೆ ಏನಾಗ್ಬೇಕು?"

"ಚಿಕ್ಕಪ್ಪ," ಅಂತು ಬಾಯಿ. "ಅಲ್ಲಲ್ಲ! ಅಪ್ಪ. ಅಪ್ಪ ಮಿಸ್."

ಎಂಟನೇ ಕ್ಲಾಸಿನ ಮೇಷ್ಟ್ರು ಕತ್ತು ಚಾಚಿದರು. "ನನ್ ಹತ್ರ ಮೋಹನ್‌ಬಾಬು ಚಿಕ್ಕಪ್ಪ ಅಂದ್ರು!"

"ನನಗೆ ಅಂಬರೀಶ್ ಚಿಕ್ಕಪ್ಪ!" ಅಂದರು ಹತ್ತನೇ ಕ್ಲಾಸಿನ ಮೇಡಂ.

ಹೆಡ್‌ಮಾಸ್ಟರ್ ಬಂದರು. ಲುಬ್ನಾ ಮಿಸ್ ರಿಜಿಸ್ಟರ್ ತಿರುಗಿಸಿ ತೋರಿಸಿದರು. "ಯಾಮಿನಿ ತಂದೆ ಒಂಬತ್ತೂವರೆಗೇ ಬಂದು ಹೋದ್ರು ಸಾರ್. ಅರ್ಧ ಗಂಟೆ ಕೂತು ಒಂದೊಂದು ಸಬ್ಜೆಕ್ಟೂ ವಿಚಾರಿಸಿದ್ರು. ನೋಡಿ, ಸಹಿ."

ನಲ್ಲಪ್ಪ ನೋಡಿದ. ಗುಂಡಗೆ, ಚೆಂದವಾಗಿ, 'ನಲ್ಲಪ್ಪ' ಎಂದಿತ್ತು. ನಿದ್ದೆಗಣ್ಣಿನಲ್ಲಿ ತಾನೇ ಒಮ್ಮೆ ಬಂದು ಹೋಗಿದ್ದೇನೋ ಎಂದು ಅವನಿಗೆ ನಿಜಕ್ಕೂ ಅನುಮಾನ ಬಂತು. ಅಷ್ಟು ಚೆನ್ನಾಗಿ ಸಹಿ ಹಾಕಿದ್ದಕ್ಕೆ ಒಂದು ಗಳಿಗೆ ಹೆಮ್ಮೆಯೂ ಆಯಿತು.

"ಆ ಹುಡುಗೀನ ಕರೀರಿ," ಅಂದರು ಹೆಡ್‌ಮಾಸ್ಟರ್. "ಯಾರೋ ಊರಿಗೆಲ್ಲ ಚಿಕ್ಕಪ್ಪ ಆಗಿ ತಿರುಗ್ತಿದಾನೆ."

ನಲ್ಲಪ್ಪ ಅಂಗಿ ಜೇಬಿನಿಂದ ಆಧಾರ್ ಕಾರ್ಡು ತೆಗೆದ. ಫೋಟೋ ಇದೆ, ಹೆಸರಿದೆ, ಇನ್ನೇನು ಬೇಕು? ಅಷ್ಟರಲ್ಲಿ ಯಾಮಿನಿ ಬಂದಳು. ಅಪ್ಪನನ್ನು ಕಂಡವಳೇ ಗೋಡೆಯ ಸುಣ್ಣದಂತೆ ಬೆಳ್ಳಗಾದಳು. ಅವಳ ಕಣ್ಣು ರಿಜಿಸ್ಟರಿಗೆ ಹೋಯಿತು, ಕಾರ್ಡಿಗೆ ಹೋಯಿತು, ನೆಲಕ್ಕೆ ಬಿತ್ತು.

ನಾಲ್ಕು ದಿನದಲ್ಲಿ ಮೊದಲ ಸಲ ನಲ್ಲಪ್ಪನಿಗೆ ಪೂರ್ತಿ ಎಚ್ಚರವಾಯಿತು.

"ಯಾರಮ್ಮ ಇವ್ರು?" ಅಂದರು ಹೆಡ್‌ಮಾಸ್ಟರ್.

ಅವಳು ಬಾಯಿ ತೆರೆಯುವ ಮೊದಲೇ ನಲ್ಲಪ್ಪ ಕಾರ್ಡನ್ನು ಜೇಬಿಗೆ ಸೇರಿಸಿದ. "ಚಿಕ್ಕಪ್ಪನೇ ಸಾರ್. ಅಪ್ಪ ಅಂದಿದ್ದು ಬಾಯಿ ತಪ್ಪಿ."

"ನಿಮ್ಮಣ್ಣನ್ನ ನೋಡಿ ಕಲೀರಿ," ಅಂದರು ಹೆಡ್‌ಮಾಸ್ಟರ್. "ತಂದೆ ಅಂದ್ರೆ ಅವರು. ಪೋಷಕರ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದೀವಿ. ಇನ್ಮೇಲೆ ಯಾವ ಮೀಟಿಂಗಿಗೂ ಅವರೇ ಬರ್ಲಿ. ನೀವು ಮಾತ್ರ ಈ ಕಡೆ ತಲೆ ಹಾಕ್ಬೇಡಿ."

"ಹೇಳ್ತೀನಿ ಸಾರ್."

ಗೇಟಿನವರೆಗೆ ಯಾಮಿನಿ ಜೊತೆಗೇ ಬಂದಳು. ಅಲ್ಲಿ ನಲ್ಲಪ್ಪ ಕೇಳಿದ.

"ಯಾರಮ್ಮ ಅದು?"

"ಜೆರಾಕ್ಸ್ ಅಂಗಡಿ ರಾಮಾಂಜಿನಪ್ಪ ಅಂಕಲ್." ಅವಳು ಕಲ್ಲೊಂದನ್ನು ಒದ್ದಳು. "ನೀನ್ ಬರ್ತೀಯ ಅಂತ ನಂಗೇನಪ್ಪ ಗೊತ್ತು?"

"ಒಳ್ಳೆಯವನೇನಮ್ಮ?"

ಯಾಮಿನಿ ಸ್ವಲ್ಪ ಯೋಚಿಸಿದಳು.

"ಎಚ್ಚರವಾಗಿದ್ರು ಕಣಪ್ಪ," ಅಂದಳು.