ನಾಲ್ಕು ಗಂಟೆಯ ಪಾರ್ಟಿ

"ನನಗೆ ಟೋಪಿ ಹಾಕಿ ಕಾರು ಮಾರೋನು ಇನ್ನೂ ಹುಟ್ಟಿಲ್ಲ!" ಎಂದು ಯಜಮಾನರು ಕನ್ನಡಿಯ ಮುಂದೆ ನಿಂತು ಘೋಷಿಸಿದರು. ಹಾಗೆನ್ನಲು ಅವರಿಗೆ ಹಕ್ಕಿತ್ತೆನ್ನಿ. ಇಪ್ಪತ್ತೆರಡು ವರ್ಷದಿಂದ ಸೋಫಾ ಅಂಗಡಿಯ ಸೇಲ್ಸ್‌ಮನ್! "ಇದೇ ಕೊನೇ ಪೀಸು", "ನಾಲ್ಕು ಗಂಟೆಗೆ ಇನ್ನೊಂದು ಪಾರ್ಟಿ ಬರ್ತಿದೆ" ಎಂಬ ಮಂತ್ರಗಳನ್ನು ಜಪಿಸಿಯೇ ಮೂರು ಕಾಲಿನ ಸೋಫಾಗಳನ್ನೂ ಸಾಗಹಾಕಿದ ಮಹಾನುಭಾವರು. ರೇಟು ಇಳಿಸಲು ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಒಳಹೋಗಿ, ಒಂದು ಲೋಟ ನೀರು ಕುಡಿದು ಹೊರಬರುತ್ತಿದ್ದರು, ಅಷ್ಟೇ.

ಕಾರು ಬೇಕಾಗಿದ್ದು ಹೆಂಡತಿಗೆ. ಆಕೆ ಮನೆಯಲ್ಲೇ ಕೇಕ್ ಮಾಡಿ ಮಾರುವವರು. ಹೋದ ತಿಂಗಳು ಸ್ಕೂಟರಿನಲ್ಲಿ ಹೊರಟ ಮೂರಂತಸ್ತಿನ ಕೇಕು, ಗಿರಾಕಿಯ ಮನೆ ತಲುಪುವಷ್ಟರಲ್ಲಿ ನೆಲಸಮವಾಗಿತ್ತು. ಈ ಶನಿವಾರ ಅಂಥದೇ ಇನ್ನೊಂದು ಆರ್ಡರು. ಇದೂ ಕೆಟ್ಟರೆ ಮತ್ತೆ ಯಾರೂ ಆಕೆಯ ಬಾಗಿಲು ತಟ್ಟುವುದಿಲ್ಲ. ಪೇಪರಿನ ಜಾಹೀರಾತು ನೋಡಿ ಗಂಡಹೆಂಡಿರಿಬ್ಬರೂ ಒಂದು ಹಳೆಯ ಕಾರನ್ನು ಒಪ್ಪಿಯೂ ಆಗಿತ್ತು.

"ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗಿ, ಒಟ್ಟು ರೇಟು ಬರೆಸ್ಕೊಳ್ಳಿ" ಎಂದರು ಹೆಂಡತಿ.

"ಮೆಕ್ಯಾನಿಕ್ ಗಾಡಿ ನೋಡ್ತಾನೆ. ನಾನು ಮಾರೋನ ಮುಖ ನೋಡ್ತೀನಿ" ಎಂದು ಯಜಮಾನರು ಒಬ್ಬರೇ ಹೊರಟರು.

ಮಾರುವವನದು ಸಾಧುಮುಖ. ಅಲ್ಲೇ ಸಂಶಯ ಬಂತು. ಹಿಂದಿನ ಬಂಪರಿಗೆ ಮರುಬಣ್ಣ ಹೊಡೆದಿದೆ ಎಂದು ಅವನೇ ಹೇಳಿಬಿಟ್ಟ. ಸಣ್ಣ ಹುಳುಕು ತೋರಿಸಿ ದೊಡ್ಡದನ್ನು ಮುಚ್ಚುವ ವಿದ್ಯೆ ಇದು ಎಂದು ಯಜಮಾನರು ಗುರುತು ಹಾಕಿಕೊಂಡರು. ಬೇಕಾದರೆ ನಿಮ್ಮದೇ ಮೆಕ್ಯಾನಿಕ್ಕನ್ನು ಕರೆತನ್ನಿ ಎಂದ. ಅಬ್ಬಾ, ಎಂಥಾ ನಟನೆ! ಡಿಕ್ಕಿಯೇನೋ ಕೇಕಿಡಲು ಬೇಕಾದಂತೆ ಮೇಜಿನಷ್ಟು ಸಮತಟ್ಟಾಗಿತ್ತು. ಆದರೂ ಯಜಮಾನರು ಹಲ್ಲುನೋವು ಬಂದವರಂತೆ ಮುಖ ಮಾಡಿಕೊಂಡೇ ನಿಂತರು.

"ಬೇಗ ಹೇಳಿ ಸಾರ್. ನಾಲ್ಕು ಗಂಟೆಗೆ ಒಬ್ಬರು ಮೇಡಮ್ ಬರ್ತಿದಾರೆ."

ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ತಮ್ಮಾ, ಆ ನಾಲ್ಕು ಗಂಟೆ ಪಾರ್ಟೀನ ಹೆತ್ತು ಸಾಕಿದೋನೇ ನಾನು. ಈ ಡಬ್ಬಾನ ಯಾರು ತಗೋತಾರಪ್ಪ?"

ಫೋನ್ ನಂಬರು ಬರೆದಿಟ್ಟು, ಗತ್ತಿನಿಂದ ಹೊರಬಿದ್ದರು. ಹಿಂದೆಯೇ ಓಡಿಬರುತ್ತಾನೆಂದು ಗೇಟಿನ ಬಳಿ ಎರಡು ಸಲ ಬೂಟಿನ ಲೇಸು ಕಟ್ಟಿದರು. ಆಸಾಮಿ ಆರಾಮಾಗಿ ಚಹಾ ಕುಡಿಯುತ್ತಿದ್ದ. ಇರಲಿ, ನಾಲ್ಕರೊಳಗೆ ಫೋನ್ ಮಾಡಿ ಗೋಗರೆಯುತ್ತಾನೆ ನೋಡಿ ಎಂದು ಸೋಫಾ ಅಂಗಡಿಯಲ್ಲಿ ಎಲ್ಲರೆದುರು ಜಂಬ ಕೊಚ್ಚಿದರು. ನಾಲ್ಕಾಯಿತು, ಐದಾಯಿತು. ತಡೆಯಲಾಗದೆ ತಾವೇ ಫೋನ್ ಮಾಡಿದರು. ಆ ಮೇಡಮ್ ಬಂದು ಕಾರು ತೆಗೆದುಕೊಂಡು ಹೋದರು, ಆಗಲೇ ಹೇಳಿದ್ದೆನಲ್ಲ ಎಂದ ಪುಣ್ಯಾತ್ಮ.

ಯಜಮಾನರು ಫೋನಿಟ್ಟು ಮನೆಯತ್ತ ಹೊರಟರು. ಶನಿವಾರದ ಕೇಕು! ಹೆಂಡತಿಗೆ ಯಾವ ಮುಖ ತೋರಿಸುವುದು? ಪಾಪ, ಆಕೆಯ ದುಡಿಮೆಗೆ ತಾನೇ ಕಲ್ಲು ಹಾಕಿದೆನಲ್ಲ ಎಂದು ನಿಜವಾಗಿಯೂ ನೊಂದುಕೊಂಡರು. ಸುಳ್ಳೊಂದನ್ನು ಹೊಸೆಯುತ್ತಾ ಮನೆಯ ತಿರುವಿಗೆ ಬಂದರೆ, ಬಾಗಿಲಲ್ಲಿ ಅದೇ ಕಾರು! ಪಕ್ಕದಲ್ಲಿ ಹೆಂಡತಿ, ಡಿಕ್ಕಿಗೆ ಟೇಪು ಹಿಡಿದು ಅಳೆಯುತ್ತಿದ್ದಾರೆ.

"ನೀವು ಮೆಕ್ಯಾನಿಕ್ ಬೇಡ ಅಂದಾಗ್ಲೇ ಗಾಡಿ ತರಲ್ಲ ಅಂತ ಗೊತ್ತಾಯ್ತು. ಅದಕ್ಕೇ ನಾಲ್ಕಕ್ಕೆ ಬರ್ತೀನಿ ಅಂತ ನಾನೇ ಫೋನ್ ಮಾಡಿದ್ದೆ."

ಯಜಮಾನರು ಕಾರಿಗೆ ಒಂದು ಸುತ್ತು ಬಂದರು. ಸೇಲ್ಸ್‌ಮನ್ ಮಾನ ಉಳಿಸಿಕೊಳ್ಳಲು ಕೊನೆಯದೊಂದು ಪ್ರಶ್ನೆ ಉಳಿದಿತ್ತು. "ಚೌಕಾಸಿನಾದ್ರೂ ಮಾಡಿದೆಯಾ?"

"ನಾನು ಬಾಯೇ ತೆಗೀಲಿಲ್ಲ. ಬೆಳಿಗ್ಗೆ ಯಾರೋ ತಲೆ ಕೆಟ್ಟೋರು ಬಂದು ಗಾಡಿ ನೋಡಿ ಬಿದ್ದು ಬಿದ್ದು ನಕ್ಕರಂತೆ. ಪಾಪ, ಇದು ಮಾರಾಟ ಆಗಲ್ಲ ಅಂತ ಹೆದರಿ ಅವನೇ ರೇಟು ಇಳಿಸಿಬಿಟ್ಟ. ತುಂಬಾ ಉಪಕಾರ ಆಯ್ತು ರೀ."