ಮುನ್ನೆಚ್ಚರಿಕೆ: ಅಪ್ಪನನ್ನು ಇಳಿಯಲು ಬಿಡಬಾರದು

ಬರೆಯಲು ಕಲಿಯುವವರ ಮನೆಯಲ್ಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆಯೋ, ನಮ್ಮಲ್ಲಿ ಮಾತ್ರ ನಡೆದವೋ ಗೊತ್ತಿಲ್ಲ. ಒಂದೇ ಮನೆಯನ್ನು ನೋಡಿ ತೀರ್ಮಾನಕ್ಕೆ ಬರಬಾರದು. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

೧. ಪ್ರಯಾಣದ ಪ್ರಯೋಗ

ಬಿ.ಎಸ್ಸಿ. ಮುಗಿಸಿ ಬಾಲಾನಗರದ ಔಷಧ ಕಂಪನಿಯೊಂದರ ಲ್ಯಾಬಿಗೆ ಸೇರಿದ್ದೆ. ಮೇಲಿನ ಹುದ್ದೆ ಬೇಕಾದರೆ ಇಂಗ್ಲಿಷ್ ಪ್ರಬಂಧದ ಪರೀಕ್ಷೆ ಕಟ್ಟಬೇಕಿತ್ತು. ಮಲ್ಕಾಜ್‌ಗಿರಿಯಲ್ಲಿ ನಿವೃತ್ತ ಕಾಲೇಜು ಮೇಡಂ ಒಬ್ಬರು ಭಾನುವಾರ ತಮ್ಮ ವರಾಂಡದಲ್ಲಿ ಪಾಠ ಹೇಳುತ್ತಿದ್ದರು. ಅವರ ಕೆಂಪು ಪೆನ್ನಿಗೆ ಹೆದರಿ ಎರಡನೆಯ ವಾರಕ್ಕೇ ಅರ್ಧ ಜನ ಬಿಟ್ಟುಹೋಗುತ್ತಿದ್ದರು.

ಮೊದಲ ಪ್ರಬಂಧ ಒಂದು ರೈಲು ಪ್ರಯಾಣದ ಬಗ್ಗೆ. ನನಗೆ ಬರೆಯಲು ಗೊತ್ತಿದ್ದದ್ದು ಒಂದೇ ರೀತಿ. ಉದ್ದೇಶ: ಗುಲ್ಬರ್ಗಾ ತಲುಪುವುದು. ಉಪಕರಣಗಳು: ಟ್ರಂಕು ಒಂದು, ನೀರಿನ ತಂಬಿಗೆ ಒಂದು, ಬುತ್ತಿಗಂಟು ಎರಡು. ವಿಧಾನ: ನಾಂಪಲ್ಲಿಯಲ್ಲಿ ಹತ್ತಲಾಯಿತು. ಫಲಿತಾಂಶ: ಗುಲ್ಬರ್ಗಾ ತಲುಪಲಾಯಿತು. ಕೊನೆಗೆ ಮುನ್ನೆಚ್ಚರಿಕೆ: ಚಹಾಕ್ಕೆಂದು ಅಪ್ಪನನ್ನು ನಡುವಿನ ಸ್ಟೇಷನ್ನುಗಳಲ್ಲಿ ಇಳಿಯಲು ಬಿಡಬಾರದು.

ಮೇಡಂ ಎಲ್ಲವನ್ನೂ ಹೊಡೆದುಹಾಕಿ, ಕೊನೆಯ ಸಾಲಿನ ಸುತ್ತ ಮಾತ್ರ ಒಂದು ವೃತ್ತ ಎಳೆದರು. "ಅಮ್ಮಾ, ಇಲ್ಲಿ ಒಬ್ಬ ಮನುಷ್ಯ ಇದ್ದಾನೆ. ಉಳಿದದ್ದೆಲ್ಲ ಲಗೇಜು" ಎಂದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಆಗ ಅವನು ಇನ್ನೂ ಮಾತಾಡುತ್ತಿದ್ದ. ಚಪ್ಪಲಿ ಮೆಟ್ಟಿಕೊಂಡು ಕಾಲೊನಿಯ ನಾಲ್ಕು ಮನೆಗೆ ಹೋಗಿ, "ನನ್ನ ಮಗಳ ಪ್ರಬಂಧದಾಗ ಪಾಸಾದಾಂವ ನಾ ಒಬ್ಬನ" ಎಂದು ಹೇಳಿ ಬಂದ.

೨. ಅವ್ವ ಗೆದ್ದ ಜಗಳ

ಆ ವರ್ಷವೇ ಅಪ್ಪನ ಗಂಟಲಲ್ಲಿ ಗಡ್ಡೆ ಕಂಡಿತು. ಆಪರೇಷನ್ನಿನಲ್ಲಿ ಗಡ್ಡೆಯ ಜೊತೆ ದನಿಯೂ ಹೋಯಿತು. ಕಾರ್ಖಾನೆಯ ಯಂತ್ರಗಳ ಸದ್ದಿಗೆ ಸರಿಗಟ್ಟಿ ಮಾತಾಡುತ್ತಿದ್ದ ಮನುಷ್ಯ. ಅವ್ವ ಒಂದು ಪಾಟಿ ತಂದಳು. ಪಾಟಿ ಎಂದರೆ ಮಕ್ಕಳು ಬರೆಯುವ ಕರಿ ಸ್ಲೇಟು. ಜೊತೆಗೆ ಒಂದು ಡಬ್ಬಿ ಬಳಪ.

ಪಾಟಿಯ ಮೇಲಿನ ಮೊದಲ ಜಗಳ ಗಂಜಿಯದು. ಅಪ್ಪ "ಉಪ್ಪಿಲ್ಲ" ಎಂದು ಬರೆದ. ಡಾಕ್ಟರು ಕಡಿಮೆ ಹಾಕಲು ಹೇಳಿದ್ದಾರೆ ಎಂದಳು ಅವ್ವ. ಅವನು ಒರೆಸಿ ಅದನ್ನೇ ದೊಡ್ಡದಾಗಿ ಬರೆದ. ಅವಳು ಮತ್ತೆ ಡಾಕ್ಟರ ಹೆಸರು ತೆಗೆದಳು. ಅವನಿಗೆ ಸಿಟ್ಟು ಏರಿದಷ್ಟೂ ಅಕ್ಷರ ದೊಡ್ಡದಾಗುತ್ತಿತ್ತು. ಕೊನೆಗೆ ಪಾಟಿಯಲ್ಲಿ ಒಂದೇ ಅಕ್ಷರ ಹಿಡಿಯಿತು: ಉ.

ಅವ್ವ ಗೋಡೆಯ ಕಡೆ ಮಾರಿ ತಿರುಗಿಸಿ ಕೂತಳು. ಓದುವವರಿಲ್ಲದೆ ಜಗಳ ನಿಂತಿತು. ಅವರ ಸಂಸಾರದಲ್ಲಿ ಅವಳು ಗೆದ್ದ ಮೊದಲ ಜಗಳ ಅದು. ಗೆದ್ದವಳು ಒಳಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು.

ಮರುದಿನ ಗಂಜಿಗೆ ಎಷ್ಟು ಉಪ್ಪು ಬಿದ್ದಿತ್ತೆಂದರೆ, ಅಪ್ಪ ಪಾಟಿಯ ಮೂಲೆಯಲ್ಲಿ ಭಾಳ ಸಣ್ಣ ಅಕ್ಷರದಲ್ಲಿ "ಸಾಕು" ಎಂದು ಬರೆದ.

೩. ಕಾಣೆಯಾದವರು

ಗಡ್ಡೆ ಮತ್ತೆ ಬಂದಿದೆ, ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು. ಅಪ್ಪನ ದನಿ ನಮ್ಮ ಮನೆಯ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಅವನನ್ನು ಕಾಗದದ ಮೇಲಾದರೂ ಹಿಡಿಯಬೇಕು ಅನ್ನಿಸಿತು. ಒಂದೇ ಒಂದು ಪುಟ. ಅವನು ಓದಿ, ಹೌದು, ಇದು ನಾನೇ ಎನ್ನಬೇಕು. ಅವನಿರುವಾಗಲೇ. ಪರೀಕ್ಷೆ ಆಮೇಲೆ.

ಮೊದಲ ಪ್ರಯತ್ನದಲ್ಲಿ ಎತ್ತರ, ತೂಕ, ಮೈಬಣ್ಣ, ಕನ್ನಡಕದ ನಂಬರು, ಎಡಗೈಯ ಮೇಲಿನ ಸುಟ್ಟ ಕಲೆ ಎಲ್ಲ ಇದ್ದವು. ಒಂದು ಅಂಕಿಯೂ ಬಿಟ್ಟಿರಲಿಲ್ಲ. ಮೇಡಂ ಅಂಚಿನಲ್ಲಿ ಬರೆದರು: ಇವರು ಕಾಣೆಯಾದರೆ ಪೊಲೀಸರಿಗೆ ಇದು ಸಾಕು. ನನಗೆ ಸಾಲದು.

ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಪುಟವನ್ನು ಅವನ ಕೈಗೆ ಕೊಟ್ಟೆ. ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದವನು. ಬೆರಳಿಟ್ಟು ಸಾಲು ಸಾಲೂ ಓದಿ ಪಾಟಿ ಎತ್ತಿಕೊಂಡ. "ತೂಕ ತಪ್ಪೈತಿ. ಅದು ಹೋದ ವರ್ಷದ್ದು."

೪. ವೀಕ್ಷಣೆ

ಅಳತೆ ಬಿಟ್ಟು ಒಂದು ತಾಸು ಅವರ ಮುಂದೆ ಕೂತು, ಏನು ಮಾಡುತ್ತಾರೋ ಅದನ್ನು ಬರೆ ಎಂದರು ಮೇಡಂ. ಇದು ನನಗೆ ಒಗ್ಗುವ ಕೆಲಸ. ಗಡಿಯಾರ ಇಟ್ಟುಕೊಂಡು ಅಪ್ಪನ ಎದುರು ಕೂತೆ.

ಅವನಿಗೆ ಗೊತ್ತಾಗಿಬಿಟ್ಟಿತು. ಎದ್ದು ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದ. ಅಂಗಿ ಎರಡು ಅಳತೆ ದೊಡ್ಡದಾಗಿತ್ತು. ಸ್ಟುಡಿಯೋದಲ್ಲಿ ಫೋಟೋಕ್ಕೆ ಕೂತವರ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು, ತಾಸಿಡೀ ಅಲುಗಾಡದೆ ಕೂತ. ಒಮ್ಮೆ ಕೆಮ್ಮು ಬಂತು. ತಡೆದುಕೊಂಡ. ನಾನು ಐದೈದು ನಿಮಿಷಕ್ಕೆ ಬರೆದೆ: ಅಪ್ಪ ಕೂತಿದ್ದಾನೆ. ಅಪ್ಪ ಕೂತಿದ್ದಾನೆ.

ಮುಗಿದ ಮೇಲೆ ತೋರಿಸು ಎಂದು ಕೈ ಚಾಚಿದ. ಓದಿ ಪಾಟಿಯ ಮೇಲೆ ಬರೆದ: "ಎಲ್ಲಾ ಖರೆ ಐತಿ. ಆದ್ರ ಓದಾಕ ಭಾಳ ಬ್ಯಾಸರ."

ಭಾನುವಾರ ಮೇಡಂ ಅಂಚಿನಲ್ಲಿ ಬರೆದದ್ದೂ ಅದನ್ನೇ. ಇಬ್ಬರು ಪರೀಕ್ಷಕರೂ ಒಂದೇ ಮಾತು ಹೇಳಿದ್ದರು. ಒಬ್ಬರ ಮುಖ ಒಬ್ಬರು ನೋಡಿದವರೂ ಅಲ್ಲ.

೫. ಸ್ಟೇಷನ್ನು

ಮೇಡಂ ವೃತ್ತ ಎಳೆದಿದ್ದ ಆ ಸಾಲಿಗೇ ಹಿಂತಿರುಗಿದೆ. ನಾನು ಆರು ವರ್ಷದವಳು. ವಾಡಿ ಸ್ಟೇಷನ್ನಿನಲ್ಲಿ ಅಪ್ಪ ಚಹಾಕ್ಕೆ ಇಳಿದ. ರೈಲು ಹೊರಟಿತು. ಅಪ್ಪ ಹತ್ತಲಿಲ್ಲ. ಅವ್ವ ಸೆರಗು ಬಾಯಿಗಿಟ್ಟು ಅಳತೊಡಗಿದಳು. ಡಬ್ಬಿಯವರೆಲ್ಲ ಸರಪಳಿ ಎಳೆಯಬೇಕೋ ಬೇಡವೋ ಎಂದು ವಾದಕ್ಕೆ ಬಿದ್ದರು. ಅಷ್ಟರಲ್ಲಿ ಹಿಂದಿನ ಡಬ್ಬಿಯ ಕಡೆಯಿಂದ, ಎರಡು ಕೈಯಲ್ಲಿ ಎರಡು ಚಹಾ ಹಿಡಿದುಕೊಂಡು ಅಪ್ಪ ಬಂದ. "ಅಳೂದು ಆಮ್ಯಾಲ ಅಳುವಂತಿ. ಮೊದಲ ಕುಡಿ, ಆರತೈತಿ."

ಇಷ್ಟೇ. ಎತ್ತರವಿಲ್ಲ, ತೂಕವಿಲ್ಲ. ಆ ಮಾತು ಬರೆಯುವಾಗ ಅವನ ದನಿ ನನಗೆ ಕೇಳಿಸಿತ್ತು.

ಅಪ್ಪ ಎರಡು ಸಲ ಓದಿದ. ಭುಜ ಕುಣಿಯಿತು. ಅವನ ನಗುವಿಗೂ ಈಗ ಸದ್ದಿರಲಿಲ್ಲ. ಬಳಪ ಕೈಗೆ ತೆಗೆದುಕೊಂಡ. ಇದು ನಾನೇ ಎಂದು ಬರೆಯುತ್ತಾನೆಂದು ಕಾಯುತ್ತಿದ್ದೆ. ಬರೆದ: "ವಾಡಿ ಅಲ್ಲ. ತಾಂಡೂರ."

ವಾಡಿಯೇ ಎಂದೆ. ಅವನು ತಾಂಡೂರಿನ ಕೆಳಗೆ ಗೆರೆ ಎಳೆದ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವನು ತಿರುಗಿ ಬರಲಿಲ್ಲ. ಪಾಟಿಯನ್ನು ಯಾರೂ ಒರೆಸಲಿಲ್ಲ.

ತಿಂಗಳ ನಂತರ ಆ ಪುಟವನ್ನು ಮೇಡಂಗೆ ಕೊಟ್ಟೆ. ಒಂದು ಕೆಂಪು ಗೆರೆಯೂ ಇಲ್ಲದೆ ವಾಪಸು ಬಂತು. ಓದಲಿಲ್ಲವೇ ಎಂದು ಕೇಳಿದೆ. ಓದಿದೆನಮ್ಮಾ, ಪೆನ್ನು ತೆಗೆಯುವುದು ಮರೆತೆ ಎಂದರು.

ಆ ಸಂಜೆ ಅದನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕರ್ಮಗಳೆಲ್ಲ ಮುಗಿದಾಗಿನಿಂದ ಅವಳು ಹೂಂ, ಉಹೂಂ ಬಿಟ್ಟು ಮಾತಾಡಿರಲಿಲ್ಲ. ವಾಡಿ ಎನ್ನುತ್ತಿದ್ದಂತೆ ಕೈ ಎತ್ತಿ ತಡೆದಳು. "ವಾಡಿ ಅಲ್ಲ ಅದು."

ಸೋತೆ ಎಂದುಕೊಂಡೆ. ಅಪ್ಪನೂ ಹಾಗೇ ಅಂದಿದ್ದ ಎಂದು ಪಾಟಿ ತೋರಿಸಿದೆ.

"ತಾಂಡೂರೂ ಅಲ್ಲ. ಸೇಡಂ. ಅತ್ತಾಕಿ ನಾ. ಎಲ್ಲಿ ಅತ್ತೆ ಅನ್ನೂದು ನನಗ ಗೊತ್ತಿಲ್ಲೇನು?"

ಪಾಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅಪ್ಪನ ಅಕ್ಷರವನ್ನು ಒರೆಸಲಿಲ್ಲ. ಅದರ ಕೆಳಗೆ, ಉಳಿದ ಜಾಗವೆಲ್ಲ ತುಂಬುವಷ್ಟು ದೊಡ್ಡದಾಗಿ ಬರೆದಳು: ಸೇಡಂ. ಒಯ್ದು ಗೋಡೆಯ ಮೇಲಿನ ಅವನ ಫೋಟೋದ ಎದುರು, ಕುರ್ಚಿಯ ಮೇಲೆ ಒರಗಿಸಿ ನಿಲ್ಲಿಸಿದಳು.

"ಓದ್ರಿ" ಎಂದಳು. "ಮಾರಿ ಆ ಕಡೆ ತಿರುಗಿಸಿದ್ರ ನಡಿಯೂದಿಲ್ಲ."