ತುಕ್ಕು ಹಿಡಿಯದ ಹೆಸರು

ನಮ್ಮ ಕಡೆ ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿಗೆ ಮಾತ್ರ. ಬಾಳಿ ಬದುಕುವುದಕ್ಕೆ ಬೇಕಾದ ಹೆಸರನ್ನು ಊರೇ ಇಡುತ್ತದೆ. ಅದಕ್ಕೆ ನಮ್ಮ ಒಪ್ಪಿಗೆ ಕೇಳುವ ಪದ್ಧತಿಯಿಲ್ಲ. ಮಾದಿಹಳ್ಳಿಯಲ್ಲಿ ಒಮ್ಮೆ ತೆಂಗಿನಮರದಿಂದ ಬಿದ್ದವನು ಕೊನೆಯವರೆಗೂ 'ಬಿದ್ದೋನು'. ಆಮೇಲೆ ಅವನು ಎದ್ದು, ಮನೆ ಕಟ್ಟಿ, ಮಕ್ಕಳನ್ನು ಓದಿಸಿದ್ದು ಲೆಕ್ಕಕ್ಕಿಲ್ಲ. ನನ್ನ ಹೆಸರು ಪುಟ್ಟಸ್ವಾಮಿ, ಬೇಲೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೆಸರನ್ನು ಬಲ್ಲವರು ಸಂಬಳದ ಬಿಲ್ಲು ಬರೆಯುವ ಗುಮಾಸ್ತರೊಬ್ಬರೇ ಇರಬೇಕು. ಮಿಕ್ಕವರಿಗೆಲ್ಲ ನಾನು ಜಿಂಕ್.

ಇದಕ್ಕೆ ಕಾರಣ ಒಬ್ಬ ಅಮೆರಿಕದ ವೀರ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಸೋದರಮಾವ ಅರಸೀಕೆರೆ ಜಂಕ್ಷನ್ನಿನಲ್ಲಿ ಕೆಲಸಕ್ಕಿದ್ದರು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಇಂಗ್ಲಿಷ್ ಕಾಮಿಕ್ಸೊಂದನ್ನು ನನಗೆ ತಂದುಕೊಟ್ಟರು. ಆಗಲೇ ಅದು ಮುದಿಯಾಗಿತ್ತು, ಹಾಳೆಗಳು ಹಪ್ಪಳದ ಹಾಗೆ ಮುರಿಯುತ್ತಿದ್ದವು. ಅದರ ನಾಯಕ ಮೇಜರ್ ಜಿಂಕ್. ಯಾವುದೋ ಗ್ರಹದ ಕಾರ್ಖಾನೆಯಲ್ಲಿ ಕಾದ ಸತುವಿನ ತೊಟ್ಟಿಗೆ ಬಿದ್ದು, ಸಾಯುವುದು ಬಿಟ್ಟು ಲೋಹವಾಗಿ ಎದ್ದು ಬಂದವನು. ಹಾರುತ್ತಿದ್ದ, ಬೆರಳಿನಿಂದ ಕಿರಣ ಬಿಡುತ್ತಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ತುಕ್ಕು ಹಿಡಿಯುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಮಾತ್ರ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಬಡಪಾಯಿ. ಆ ಬಡಪಾಯಿಯೇ ಮೇಜರ್ ಜಿಂಕ್ ಎಂಬುದು ಹೆತ್ತ ತಾಯಿಗೂ ತಿಳಿಯದು. ಕಿರಣಕ್ಕಿಂತ ಈ ಗುಟ್ಟೇ ನನಗೆ ಹೆಚ್ಚು ಹಿಡಿಸಿತು. ನಮ್ಮೂರಿನಲ್ಲಿ ನಾನು ಮುಖ ತೊಳೆಯದೆ ತಿಂಡಿ ತಿಂದರೂ ಹತ್ತು ಮನೆಗೆ ಸುದ್ದಿಯಾಗುತ್ತಿತ್ತು. ಈ ವೀರನನ್ನು ನಾನಲ್ಲದೆ ಬೇರೆ ಯಾರೂ ಕಂಡಂತಿಲ್ಲ. ಈಗ ಮೊಬೈಲಿನಲ್ಲಿ ಹುಡುಕಿದರೆ ಭೇದಿಗೆ ಕೊಡುವ ಜಿಂಕ್ ಮಾತ್ರೆ ಬರುತ್ತದೆ.

ಒಂದು ಭಾನುವಾರ ಅಮ್ಮನ ಹಸಿರು ಸೀರೆಯನ್ನು ಕತ್ತಿಗೆ ಕಟ್ಟಿಕೊಂಡು ಕೊಟ್ಟಿಗೆಯ ಸೂರು ಹತ್ತಿ, "ನಾನು ಮೇಜರ್ ಜಿಂಕ್!" ಎಂದು ಕೂಗಿ ಹಾರಿದೆ. ಗುರಿ ಹುಲ್ಲಿನ ಮೆದೆ, ತಲುಪಿದ್ದು ತಿಪ್ಪೆ. ಅಂದಿನಿಂದ ಊರೆಲ್ಲ ಮೇಜರ್ ಜಿಂಕ್ ಎಂದೇ ಕರೆಯಿತು. ಆದರೆ ಊರಿನಲ್ಲಿ ಆಗಲೇ ಒಬ್ಬ ಮೇಜರ್ ಇದ್ದರು, ಮಿಲಿಟರಿಯಲ್ಲಿ ಅಡುಗೆ ಮಾಡಿ ನಿವೃತ್ತರಾದ ನಂಜಪ್ಪನವರು. "ಒಂದೂರಿಗೆ ಎಷ್ಟ್ಲಾ ಮೇಜರ್‌ಗಳು?" ಎಂದು ಗದರಿದರು. ನನ್ನ ಪದವಿ ಹೋಯಿತು, ಲೋಹ ಉಳಿಯಿತು.

ಕಾಲ ಕಳೆದ ಮೇಲೆ ತಿಪ್ಪೆಯ ಕಥೆ ಮರೆತುಹೋಗಿ ಹೆಸರೊಂದೇ ನಿಂತಿತು. ಹೆಸರಿಗೆ ತಕ್ಕ ಕಸುಬನ್ನು ಜನ ತಾವೇ ಹುಡುಕಿಕೊಟ್ಟರು. ಗೆಂಡೆಹಳ್ಳಿಯಿಂದ ಯಾರೋ ಫೋನ್ ಮಾಡಿ, "ಸಾ, ಭತ್ತದ ಪೈರು ಕೆಂಪಗಾಗೈತೆ, ಗದ್ದೆಗೆ ಜಿಂಕ್ ಹಾಕಿ ಅಂದವ್ರೆ, ನಿಮ್ಮತ್ರ ಐತಾ?" ಎನ್ನುತ್ತಾರೆ. ಮನೆ ಕಟ್ಟುವವರು ಜಿಂಕ್ ಶೀಟಿನ ರೇಟು ಕೇಳುತ್ತಾರೆ. ನಾನು ಇಲ್ಲ ಎಂದರೆ, ದಾಸ್ತಾನು ಇಟ್ಟುಕೊಂಡು ರೇಟು ಏರಲಿ ಎಂದು ಕಾಯುತ್ತಿದ್ದೇನೆಂದು ಗೊಣಗುತ್ತಾರೆ.

ಇದನ್ನೆಲ್ಲ ಸಹಿಸಿದ್ದೆ. ಆದರೆ ಮಗಳು ಚೈತ್ರಳ ಮದುವೆ ಗೊತ್ತಾದಾಗ ನನಗೊಂದು ಆಸೆ ಹುಟ್ಟಿತು. ಬೀಗರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರು, ತೂಕದ ಮನುಷ್ಯ. ಅವರೆದುರು ಆ ಒಂದು ದಿನವಾದರೂ ನಾನು ಪುಟ್ಟಸ್ವಾಮಿಯಾಗಿರಬೇಕು. ಕಾರ್ಡು ಅಚ್ಚಿಗೆ ಕೊಡುವಾಗ ನನ್ನ ಹೆಂಡತಿ ಸುಮಿತ್ರಾ, "ಬ್ರಾಕೆಟ್ಟಲ್ಲಿ ಜಿಂಕ್ ಅಂತ ಹಾಕಿಸ್ರೀ. ಇಲ್ದಿದ್ರೆ ಯಾರ ಮನೆ ಮದುವೆ ಅಂತ ಒಬ್ರಿಗೂ ಗೊತ್ತಾಗಲ್ಲ ಕಣ್ರೀ" ಎಂದಳು. "ನನಗೂ ಒಂದು ಮರ್ಯಾದೆ ಇದೆ" ಎಂದೆ. ಅವಳು ಹಪ್ಪಳ ಒಣಹಾಕಲು ಹೋದಳು.

ಕಾರ್ಡು ಹಂಚಿದೆ. ಬೀಗ ಹಾಕಿದ ಮನೆಗಳಲ್ಲಿ ಕಿಟಕಿಗೆ ಸಿಕ್ಕಿಸಿ ಬಂದೆ. ಅದಾದ ಕೆಲವು ದಿನಕ್ಕೆ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಡೇರಿ ಬೋರೇಗೌಡ ಸಿಕ್ಕಿದ. ವರ್ಷಗಟ್ಟಲೆ ನನ್ನ ಜೊತೆ ಟೀ ಕುಡಿದವನು. ಜೇಬಿನಿಂದ ನನ್ನದೇ ಕಾರ್ಡು ತೆಗೆದು, "ಏನ್ಲಾ ಜಿಂಕು, ನೀನು ಬೇಲೂರಲ್ಲಿ ನಾಕು ಜನರನ್ನ ಕಂಡೋನು. ಈ ಪುಟ್ಟಸ್ವಾಮಿ ಅಂದ್ರೆ ಯಾರ್ಲಾ? ಕಿಟಕೀಲಿ ಕಾರ್ಡು ಸಿಗಿಸಿ ಹೋಗವ್ನೆ. ಹೋಗ್ಬೇಕಾ, ಬ್ಯಾಡ್ವಾ?" ಎಂದು ಕೇಳಿದ.

ನನಗೆ ನಿಜವಾಗಿಯೂ ಬೇಜಾರಾಯಿತು. ಆದರೂ, "ಒಳ್ಳೇ ಮನುಷ್ಯ ಅಂತ ಕೇಳಿದೀನಿ, ಹೋಗಿ ಬಾ" ಎಂದೆ.

"ನಿನ್ ಮಗಳ ಮದುವೇನೂ ಈ ತಿಂಗಳೇ ಅಂದಿದ್ಯಲ್ಲ, ಯಾವತ್ಲಾ?"

"ಅದೂ ಅವತ್ತೇ."

"ಅಂಗಾದ್ರೆ ನಿಮ್ಮನೇದಕ್ಕೇ ಬತ್ತೀನಿ ಬಿಡು. ಅವನ್ಯಾವನೋ ಪುಟ್ಟಸ್ವಾಮೀನ ಕಟ್ಕೊಂಡು ನಂಗೇನು!" ಎಂದು ಕಾರ್ಡನ್ನು ಮಡಚಿ ಟೀ ಲೋಟದ ಕೆಳಗಿಟ್ಟ.

ಮನೆಗೆ ಬಂದು ಸುಮಿತ್ರಾಳಿಗೆ ಹೇಳಿದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ಫೋನ್ ತೆಗೆದುಕೊಂಡು ಒಂದು ಕಡೆಯಿಂದ ಶುರು ಮಾಡಿದಳು: "ನಾನು ಕಣಕ್ಕಾ, ಜಿಂಕ್ ಹೆಂಡ್ತಿ..."

ಜನ ಕಿಕ್ಕಿರಿದು ಬಂದರು. ಬಂದವರೆಲ್ಲ ಕಲ್ಯಾಣಮಂಟಪದ ಬಾಗಿಲಿನಲ್ಲಿ, "ಜಿಂಕ್ ಎಲ್ಲಿ?" ಎಂದು ಕೇಳಿದ್ದು, ಅಲ್ಲಿ ಪನ್ನೀರು ಹಿಡಿದು ನಿಂತಿದ್ದ ಬೀಗರನ್ನೇ. ಊಟದ ಪಂಕ್ತಿಯಲ್ಲಿ ಗಂಗಾಧರಯ್ಯನವರು ನನ್ನ ಪಕ್ಕ ಕೂತು, "ಬೀಗರೇ, ಬರೀ ಮೇಷ್ಟ್ರು ಅಂದ್ಕೊಂಡಿದ್ದೆ. ಶೀಟಿನ ವ್ಯಾಪಾರ ಇಷ್ಟು ದೊಡ್ಡದಾಗಿ ಐತೆ ಅಂತ ಒಂದು ಮಾತು ಹೇಳಲಿಲ್ವಲ್ಲ ನೀವು! ನಮ್ಮ ಕೊಬ್ಬರಿ ಶೆಡ್ಡು ಸೋರ್ತೈತೆ. ಮಳೆ ಹಿಡಿಯೋದ್ರೊಳಗೆ ನೀವೇ ನಿಂತು ಶೀಟು ಹಾಕಿಸ್ಕೊಡಬೇಕು" ಎಂದರು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಆದರೆ ಎಲ್ಲಿಂದ ಶುರು ಮಾಡುವುದು? ಗ್ರಹ, ಸತುವಿನ ತೊಟ್ಟಿ, ಬೆರಳಿನ ಕಿರಣ, ಅಮ್ಮನ ಸೀರೆ, ತಿಪ್ಪೆ. ಹಸೆಮಣೆಯ ಕಡೆ ನೋಡಿದೆ, ಮಗಳು ನಗುತ್ತಿದ್ದಳು. ಎಲೆಯ ಮೇಲೆ ಹೋಳಿಗೆ ಬಿತ್ತು. ಹುಡುಗಿಯ ಅಪ್ಪ ತಿಪ್ಪೆಗೆ ಬಿದ್ದ ಲೋಹಪುರುಷ ಎನ್ನುವುದಕ್ಕಿಂತ ಶೀಟಿನ ವ್ಯಾಪಾರವೇ ಮರ್ಯಾದೆಯದಾಗಿ ಕಂಡಿತು. "ಅದಕ್ಕೇನಂತೆ ಬೀಗರೇ, ಹಾಕಿಸೋಣ" ಎಂದೆ.

ಹಾಸನದ ಅಂಗಡಿಯವನು "ಯಾವ ಗೇಜು ಸಾರ್?" ಎಂದಾಗ ನಾನು ತಬ್ಬಿಬ್ಬಾದೆ. ನಾನು ಬಲ್ಲ ದಪ್ಪ ತೆಳುವೆಲ್ಲ ಪೆನ್ಸಿಲ್ಲಿನದು. ಅಂತೂ ಕೇಳಿ ಕಲಿತು, ಎರಡು ಭಾನುವಾರ ಅರಸೀಕೆರೆಯ ಬಿಸಿಲಿನಲ್ಲಿ ಏಣಿಯ ಬುಡದಲ್ಲಿ ನಿಂತು ಶೆಡ್ಡು ಮುಗಿಸಿದೆ. ಹತ್ತಿ ನೋಡಿ ಎಂದು ಎಲ್ಲರೂ ಕರೆದರು. ಸೂರಿನ ವಿಷಯದಲ್ಲಿ ನನ್ನ ಹಳೆಯ ಅನುಭವ ಚೆನ್ನಾಗಿಲ್ಲದ್ದರಿಂದ ಹತ್ತಲಿಲ್ಲ.

ಮೊನ್ನೆ ಜೋರು ಮಳೆ ಹುಯ್ಯಿತು. ಬೆಳಿಗ್ಗೆ ಚೈತ್ರ ಫೋನ್ ಮಾಡಿ, "ಅಪ್ಪಾ, ಒಂದು ಹನಿ ಸೋರಿಲ್ಲ. ಮಾವ ಎಲ್ಲರ ಹತ್ರಾನೂ ನಮ್ಮ ಬೀಗರು ಕೊಬ್ಬರಿ ಕಾಪಾಡಿದ್ರು ಅಂತ ಹೇಳ್ಕೊಂಡು ಓಡಾಡ್ತಿದಾರೆ. ನಿಜ ಹೇಳ್ಬಿಡ್ಲಾ?" ಎಂದಳು. "ಬೇಡ ಕಣೇ" ಎಂದೆ. ಒಂದು ಗುಟ್ಟು ಬೇಕೆಂದು ಐದನೇ ಕ್ಲಾಸಿನಿಂದ ಆಸೆಪಟ್ಟವನು ನಾನು. ಶೀಟಿನ ಸಾಹುಕಾರನ ಹತ್ತಿರ ಒಂದು ಶೀಟೂ ಇಲ್ಲವೆಂಬ ಗುಟ್ಟು ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದೆ. ಫೋನ್ ಇಟ್ಟಕೂಡಲೇ ಮತ್ತೆ ರಿಂಗಾಯಿತು. ಅರಸೀಕೆರೆಯ ಯಾವುದೋ ಹೊಸ ನಂಬರು. ಆ ಕಡೆಯವರು ಬಹಳ ಮರ್ಯಾದೆಯಿಂದ, "ಡ್ರಾಯಿಂಗ್ ಮೇಷ್ಟ್ರು ಪುಟ್ಟಸ್ವಾಮಿಯವರಾ?" ಎಂದು ಕೇಳಿದರು.

"ಅಲ್ಲ, ರಾಂಗ್ ನಂಬರ್. ನಾನು ಜಿಂಕ್" ಎಂದು ಇಟ್ಟುಬಿಟ್ಟೆ.